ಅವ್ವನ ನೋಟ್‌ಬುಕ್: ಹಿರಿಯರ ಚಿಕಿತ್ಸೆ, ಪಿಂಚಣಿ, ಮನೆಯ ಆರೈಕೆ ಒಟ್ಟುಗೂಡಿಸುವ ಬಗೆ

ನಮ್ಮ ಅವ್ವ ರೋಣ ತಾಲ್ಲೂಕಿನ ಹಳ್ಳಿಯ ಮನೆಯಲ್ಲಿ ಬಚ್ಚಲ ಹೊಸ್ತಿಲು ಎಡವಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡಾಗ ಆಕೆಗೆ 72 ವರ್ಷ. ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಯಿತು. ಪಜೀತಿ ಶುರುವಾದದ್ದು ಆಮೇಲೆ. ಒಂದು ಶನಿವಾರ ಸಂಜೆ ಏಳು ಗಂಟೆಗೆ ಡಿಸ್‌ಚಾರ್ಜ್ ಚೀಟಿ ಕೈಗಿಟ್ಟರು. ಹುಬ್ಬಳ್ಳಿಯ ನನ್ನ ಮನೆಗೆ ಕರೆತಂದೆ. ಮುಂದಿನ ಎರಡು ತಿಂಗಳಲ್ಲಿ ಆಕೆಯ ಸೊಂಟದ ಕೆಳಗೆ ಹಾಸಿಗೆ ಹುಣ್ಣಾಯಿತು. ಬಿಪಿಯ ಒಂದೇ ಔಷಧಿಯನ್ನು ಎರಡು ಕಂಪನಿಯ ಹೆಸರಿನಲ್ಲಿ ದಿನವೂ ನುಂಗಿ, ತಲೆ ಸುತ್ತಿ ಇನ್ನೊಮ್ಮೆ ಬೀಳುವುದರಲ್ಲಿದ್ದಳು. ಅತ್ತ ಊರಿನಲ್ಲಿ ಪರಿಶೀಲನೆಗೆ ಬಂದವರು ಮನೆಗೆ ಬೀಗ ಹಾಕಿದ್ದನ್ನು ನೋಡಿ ‘ವಾಸವಿಲ್ಲ’ ಎಂದು ಷರಾ ಬರೆದುಕೊಂಡು ಹೋದರು. ಸಂಧ್ಯಾ ಸುರಕ್ಷಾ ಪಿಂಚಣಿ ನಿಂತಿತು.

ಯಾರನ್ನು ದೂರುವುದು? ಮೂಳೆ ಡಾಕ್ಟರು ಮೂಳೆ ನೋಡಿದರು. ಸಕ್ಕರೆ ಡಾಕ್ಟರು ಸಕ್ಕರೆ ನೋಡಿದರು. ಕಚೇರಿಯವರು ಬೀಗ ನೋಡಿದರು. ಅವ್ವನನ್ನು ಇಡಿಯಾಗಿ ನೋಡುವ ಕೆಲಸ ಯಾರ ಮೇಜಿನ ಮೇಲೂ ಇರಲಿಲ್ಲ. ಆಸ್ಪತ್ರೆ ಆರೋಗ್ಯ ಇಲಾಖೆಯದು ಅಥವಾ ಖಾಸಗಿಯವರದು, ಪಿಂಚಣಿ ಕಂದಾಯ ಇಲಾಖೆಯದು, ಊರುಗೋಲು ಮತ್ತು ಗುರುತಿನ ಚೀಟಿ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯದು. ಒಬ್ಬರ ಕಾಗದ ಇನ್ನೊಬ್ಬರಿಗೆ ಕಾಣುವುದಿಲ್ಲ. ಇವನ್ನೆಲ್ಲ ಕೂಡಿಸುವ ಒಂದು ಕಚೇರಿ ನಮ್ಮ ಕಡೆ ಇಂದು ಇಲ್ಲ, ಆದ್ದರಿಂದ ಅದನ್ನು ಮನೆಯವರೇ ಮಾಡಬೇಕು. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯವರಿಗಾಗಿ, ನಾವು ಎಡವಿ ಕಲಿತದ್ದನ್ನು ಅನುಕ್ರಮವಾಗಿ ಬರೆದಿದ್ದೇನೆ.

ಮೊದಲ ಹೆಜ್ಜೆ: ಒಬ್ಬರ ಹೊಣೆ, ಒಂದು ನೋಟ್‌ಬುಕ್

‘ನಾವೆಲ್ಲ ಇದ್ದೇವಲ್ಲ’ ಎನ್ನುವ ಮನೆಯಲ್ಲಿ ಯಾರೂ ಇರುವುದಿಲ್ಲ. ಅಣ್ಣ ಮಾತ್ರೆ ತರುತ್ತಾನೆ, ಅತ್ತಿಗೆ ಕೊಡುತ್ತಾಳೆ, ಮಗಳು ಧಾರವಾಡದಿಂದ ಫೋನಿನಲ್ಲಿ ಸಲಹೆ ಹೇಳುತ್ತಾಳೆ. ಡಾಕ್ಟರು ‘ಯಾವ ಮಾತ್ರೆ ನಡೆಯುತ್ತಿದೆ?’ ಎಂದು ಕೇಳಿದಾಗ ಮೂವರೂ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಆದ್ದರಿಂದ ಮನೆಮಂದಿ ಕುಳಿತು ಒಬ್ಬರ ಹೆಸರು ನಿರ್ಧರಿಸಿ. ಹೆಚ್ಚು ಗಳಿಸುವವರೇ ಆಗಬೇಕೆಂದಿಲ್ಲ, ಹಿರಿಯ ಮಗನೇ ಆಗಬೇಕೆಂದೂ ಇಲ್ಲ. ಫೋನ್ ಎತ್ತುವವರು, ಬರೆದಿಡುವ ಅಭ್ಯಾಸ ಇರುವವರು ಸಾಕು. ನಮ್ಮಲ್ಲಿ ಅಕ್ಕನನ್ನು ಆರಿಸಿದೆವು. ಗಂಡುಮಗ ಇದ್ದೂ ಕೊಟ್ಟ ಮಗಳಿಗೆ ಹೊಣೆ ಹೊರಿಸಿದರು ಎಂದು ಬೀಗರ ಮನೆಯಲ್ಲಿ ಮಾತು ಬಂತು. ಬರಲಿ ಬಿಡಿ. ಹಣ ಹೊಂದಿಸುವುದು ನನ್ನ ಪಾಲಿಗೆ, ಊರಿನ ಕಚೇರಿ ಕೆಲಸ ಚಿಕ್ಕಪ್ಪನ ಮಗನ ಪಾಲಿಗೆ ಬಂದವು. ಆದರೆ ಎಲ್ಲ ಸುದ್ದಿಯೂ ಅಕ್ಕನ ಬಳಿಗೇ ಹೋಗಬೇಕು.

ನೋಟ್‌ಬುಕ್ ಎಂದರೆ ಇನ್ನೂರು ಪುಟದ ಸಾದಾ ಪುಸ್ತಕ. ಮೊಬೈಲಿನಲ್ಲಿ ಫೋಟೊಗಳಿರಲಿ, ಆದರೆ ರಾತ್ರಿ ಎರಡು ಗಂಟೆಗೆ ತುರ್ತು ಘಟಕದಲ್ಲಿ ನರ್ಸಿನ ಕೈಗೆ ಕೊಡಲು ಪುಸ್ತಕವೇ ಬೇಕು. ಮೊದಲ ಪುಟದಲ್ಲಿ ಹೆಸರು, ವಯಸ್ಸು, ರಕ್ತದ ಗುಂಪು, ಇರುವ ಕಾಯಿಲೆಗಳು, ಒಗ್ಗದ ಔಷಧಿ, ಹಿಂದಿನ ಶಸ್ತ್ರಚಿಕಿತ್ಸೆ, ಇಬ್ಬರ ಫೋನ್ ಸಂಖ್ಯೆ ಬರೆಯಿರಿ. ಎರಡನೆಯ ಪುಟ ಔಷಧಿಗಳಿಗೆ. ಹಿಂದಿನಿಂದ ತಿರುಗಿಸಿದರೆ ಕಾಗದಪತ್ರಗಳ ಭಾಗ: ಆಧಾರ್, ಪಡಿತರ ಚೀಟಿ, ಬ್ಯಾಂಕ್ ಖಾತೆ, ಪಿಂಚಣಿ ಆದೇಶದ ಸಂಖ್ಯೆ ಮತ್ತು ದಿನಾಂಕ.

ಹೆಸರಿನ ವಿಷಯದಲ್ಲಿ ಒಂದು ಕಿವಿಮಾತು. ನಮ್ಮ ಕಡೆಯ ಹೆಣ್ಣುಮಕ್ಕಳ ಹೆಸರು ಆಧಾರ್‌ನಲ್ಲಿ ಈರವ್ವ, ಪಡಿತರ ಚೀಟಿಯಲ್ಲಿ ವೀರವ್ವ, ಉತಾರದಲ್ಲಿ (ಪಹಣಿ) ಗಂಡನ ಹೆಸರಿನ ಹಿಂದೆ ‘ಕೋಂ’ (ಇಂಥವರ ಹೆಂಡತಿ) ಎಂದು ಇರುತ್ತದೆ. ಅಡ್ಡಹೆಸರು ಒಂದರಲ್ಲಿ ಇದ್ದರೆ ಇನ್ನೊಂದರಲ್ಲಿ ಇರುವುದಿಲ್ಲ. ಇದನ್ನು ಈಗಲೇ, ಯಾವ ಅವಸರವೂ ಇಲ್ಲದಿರುವಾಗ ಸರಿಪಡಿಸಿಕೊಳ್ಳಿ. ಆಸ್ಪತ್ರೆಯಲ್ಲಿ ಮಲಗಿದವರನ್ನು ಆಧಾರ್ ಕೇಂದ್ರಕ್ಕೆ ಹೊತ್ತೊಯ್ಯುವುದು ಏನೆಂದು ನಾನು ಬಲ್ಲೆ.

ಎರಡನೆಯದು: ಮನೆಯಲ್ಲೇ ಅರ್ಧ ಗಂಟೆಯ ತಪಾಸಣೆ

ಕಾಯಿಲೆಗಳ ಪಟ್ಟಿಯಿಂದ ಹಿರಿಯರ ಸ್ಥಿತಿ ತಿಳಿಯುವುದಿಲ್ಲ. ಸಕ್ಕರೆ ಕಾಯಿಲೆ ಇರುವ ಇಬ್ಬರಲ್ಲಿ ಒಬ್ಬರು ದಿನವೂ ಹೊಲಕ್ಕೆ ಹೋಗಿ ಬರುತ್ತಾರೆ, ಇನ್ನೊಬ್ಬರು ಹೊರಸಿನಿಂದ ಏಳುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಹಿರಿಯರ ಸಮಗ್ರ ಆರೈಕೆಗೆ ಮಾರ್ಗಸೂಚಿ ಹೊರಡಿಸಿ, 2019ರಲ್ಲಿ ತಳಮಟ್ಟದ ಕಾರ್ಯಕರ್ತರಿಗಾಗಿ ಕೈಪಿಡಿ ತಂದಿತು. ಅದು ನೋಡುವುದು ಆರು ಶಕ್ತಿಗಳನ್ನು: ನೆನಪು, ನಡಿಗೆ, ಪೋಷಣೆ, ಕಣ್ಣು, ಕಿವಿ, ಮನಸ್ಸು. ಪರೀಕ್ಷೆಗಳು ಎಷ್ಟು ಸರಳವೆಂದರೆ ಆಶಾ ಕಾರ್ಯಕರ್ತೆಯಾಗಲಿ ಮೊಮ್ಮಗಳಾಗಲಿ ಮಾಡಬಹುದು.

ನೆನಪಿಗೆ ಮೂರು ಪದ ಹೇಳಿ: ರೊಟ್ಟಿ, ಎತ್ತು, ಬಾವಿ. ಬೇರೆ ಮಾತನಾಡುತ್ತ, ಇಂದಿನ ದಿನ ಯಾವುದು, ಈಗ ಎಲ್ಲಿದ್ದೇವೆ ಎಂದು ಕೇಳಿ. ಕ್ಯಾಲೆಂಡರ್ ನೋಡದವರಿಗೆ ತಾರೀಖು ಕೇಳಿ ಮುಜುಗರ ಮಾಡುವುದಕ್ಕಿಂತ, ಅಮಾವಾಸ್ಯೆ ಹೋಯಿತೇ, ಸಂತೆ ಯಾವಾಗ ಎಂದು ಕೇಳುವುದು ಲೇಸು ಎನ್ನುವುದು ನನ್ನ ತಿದ್ದುಪಡಿ. ನಂತರ ಆ ಮೂರು ಪದ ಹೇಳಿಸಿ.

ನಡಿಗೆಗೆ ಗಟ್ಟಿಯಾದ ಕುರ್ಚಿಯಲ್ಲಿ ಕೂರಿಸಿ, ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು ಐದು ಸಲ ಎದ್ದು ಕೂರಲು ಹೇಳಿ. 14 ಸೆಕೆಂಡಿನೊಳಗೆ ಆಗದಿದ್ದರೆ ಕಾಲಿನ ಬಲ ಕುಂದಿದೆ ಎಂದರ್ಥ. ಪಕ್ಕದಲ್ಲೇ ನಿಂತಿರಿ, ಬಿದ್ದರೆ ಪರೀಕ್ಷೆಯೇ ಪೀಡೆಯಾಗುತ್ತದೆ.

ಪೋಷಣೆಗೆ ಎರಡು ಪ್ರಶ್ನೆ. ಮೂರು ತಿಂಗಳಲ್ಲಿ ತಾನಾಗಿಯೇ 3 ಕಿಲೋಗಿಂತ ಹೆಚ್ಚು ತೂಕ ಇಳಿದಿದೆಯೇ? ಹಸಿವು ಕಡಿಮೆಯಾಗಿದೆಯೇ? ಮನೆಯಲ್ಲಿ ತೂಕದ ಯಂತ್ರ ಇಲ್ಲದಿದ್ದರೆ ಬಳೆ ನೋಡಿ. ಇಳಕಲ್ ಸೀರೆಯ ನೆರಿಗೆಯೊಳಗೆ ಇಳಿದ ಮೈ ಕಾಣುವುದಿಲ್ಲ, ಆದರೆ ಮೊಳಕೈವರೆಗೆ ಜಾರುವ ಬಳೆ ಎಲ್ಲ ಹೇಳುತ್ತದೆ.

ಕಿವಿಗೆ ಹಿಂದಿನಿಂದ ಒಂದು ಕೈಯಳತೆ ದೂರ ನಿಂತು ಪಿಸುದನಿಯಲ್ಲಿ ನಾಲ್ಕು ಪದ ಹೇಳಿ, ಒಂದೊಂದು ಕಿವಿಗೆ ಬೇರೆಬೇರೆಯಾಗಿ. ಕಣ್ಣಿಗೆ ದೂರದ್ದು, ಹತ್ತಿರದ್ದು ಎರಡನ್ನೂ ಕೇಳಿ. ಸಕ್ಕರೆ ಕಾಯಿಲೆ ಇದ್ದರೆ ಚೆನ್ನಾಗಿ ಕಾಣುತ್ತಿದ್ದರೂ ವರ್ಷಕ್ಕೊಮ್ಮೆ ಕಣ್ಣಿನ ಹಿಂಪದರದ ಪರೀಕ್ಷೆ ತಪ್ಪಿಸಬೇಡಿ. ಮನಸ್ಸಿಗೆ, ಕಳೆದ ಎರಡು ವಾರದಲ್ಲಿ ಬೇಸರ, ಹತಾಶೆ ಕಾಡಿದೆಯೇ, ಮೊದಲು ಇಷ್ಟಪಡುತ್ತಿದ್ದುದರಲ್ಲಿ ಆಸಕ್ತಿ ಹೋಗಿದೆಯೇ ಎಂದು ಕೇಳಬೇಕು. ನಮ್ಮ ಹಿರಿಯರು ಇದಕ್ಕೆ ನೇರವಾಗಿ ಉತ್ತರಿಸುವುದಿಲ್ಲ. ‘ಏನೋ, ದಿನ ದೂಡುವುದು’ ಎನ್ನುತ್ತಾರೆ. ‘ಅವ್ವಾ, ಭಜನೆಗೆ ಹೋಗಲು ಮೊದಲಿನಂತೆ ಮನಸ್ಸಾಗುತ್ತದೆಯೇ?’ ಎಂದು ಕೇಳಿ ನೋಡಿ.

ನಾನಿದಕ್ಕೆ ಎರಡು ಪ್ರಶ್ನೆ ಸೇರಿಸಿದ್ದೇನೆ. ಈ ವರ್ಷ ಬಿದ್ದಿದ್ದಾರೆಯೇ? ಮೂತ್ರ ತಡೆಯಲಾಗದೆ ಹೋಗುತ್ತದೆಯೇ? ಎರಡನೆಯದನ್ನು ಮಗ ಕೇಳಿದರೆ ತಾಯಿ ಹೇಳುವುದಿಲ್ಲ, ಮಗಳು ಅಥವಾ ಸೊಸೆ ಕೇಳಬೇಕು. ಶೌಚಾಲಯ ದೂರವೆಂದು ನೀರು ಕುಡಿಯುವುದನ್ನೇ ಬಿಟ್ಟು, ಮೂತ್ರದ ಸೋಂಕು ಹತ್ತಿಸಿಕೊಂಡ ಹೆಂಗಸರು ನಮ್ಮ ಓಣಿಯಲ್ಲೇ ಇದ್ದಾರೆ.

ಎಲ್ಲಿ ಎಡವಿದರೋ ಅದನ್ನು ನೋಟ್‌ಬುಕ್ಕಿನಲ್ಲಿ ದಿನಾಂಕದೊಡನೆ ಬರೆಯಿರಿ. ಮುಂದಿನ ಸಲ ಡಾಕ್ಟರ ಎದುರು ‘ತುಂಬಾ ನಿಶ್ಶಕ್ತಿ ಸರ್’ ಎನ್ನುವ ಬದಲು ‘ಐದು ಸಲ ಏಳಲು 25 ಸೆಕೆಂಡ್ ಬೇಕಾಯಿತು’ ಎನ್ನಿ. ಕೇಳುವ ರೀತಿಯೇ ಬದಲಾಗುತ್ತದೆ.

ಮೂರನೆಯದು: ಮಾತ್ರೆಯ ಚೀಲ ಸುರಿಯುವುದು

ಮನೆಯಲ್ಲಿರುವ ಎಲ್ಲ ಮಾತ್ರೆ, ಮುಲಾಮು, ಸಿರಪ್, ನಾಟಿ ಔಷಧಿ, ಅಂಗಡಿಯಲ್ಲಿ ಕೇಳಿ ತಂದ ನೋವಿನ ಗುಳಿಗೆ, ಎಲ್ಲವನ್ನೂ ಚಾಪೆಯ ಮೇಲೆ ಸುರಿಯಿರಿ. ನಾವು ಸುರಿದಾಗ ಹದಿನೇಳು ಬಗೆ ಸಿಕ್ಕವು. ನಡೆಯಬೇಕಾದದ್ದು ಆರು.

ಮಾತ್ರೆಯ ಪಟ್ಟಿಯ (ಸ್ಟ್ರಿಪ್) ಮೇಲೆ ದೊಡ್ಡದಾಗಿ ಇರುವುದು ಕಂಪನಿ ಇಟ್ಟ ಹೆಸರು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿರುವುದು ಔಷಧಿಯ ನಿಜ ಹೆಸರು, ಅದನ್ನು ಓದಿ. ಎರಡು ಪಟ್ಟಿಗಳಲ್ಲೂ ಟೆಲ್ಮಿಸಾರ್ಟನ್ ಎಂದೇ ಇದ್ದರೆ ಒಂದೇ ಔಷಧಿ ಎರಡು ಸಲ ಹೋಗುತ್ತಿದೆ. ಅವ್ವನಿಗೆ ಊರಿನ ಡಾಕ್ಟರು ಬರೆದದ್ದು ಒಂದು ಹೆಸರು, ಹುಬ್ಬಳ್ಳಿಯ ಆಸ್ಪತ್ರೆಯವರು ಬರೆದದ್ದು ಇನ್ನೊಂದು. ಆಕೆ ಪ್ರಾಮಾಣಿಕವಾಗಿ ಎರಡನ್ನೂ ನುಂಗಿದಳು. ಹಾಗೆಂದು ನೀವೇ ಒಂದನ್ನು ಕಿತ್ತೆಸೆಯಬೇಡಿ, ಪೂರ್ತಿ ಚೀಲವನ್ನು ಒಬ್ಬ ಡಾಕ್ಟರ ಎದುರು ಇಟ್ಟು ‘ಯಾವುದು ಇರಲಿ, ಯಾವುದು ಬೇಡ’ ಎಂದು ಕೇಳಿ ಬರೆಸಿಕೊಳ್ಳಿ.

ಡೈಕ್ಲೋಫಿನಾಕ್‌ನಂಥ ನೋವಿನ ಗುಳಿಗೆಗಳನ್ನು ಬಿಪಿ, ಕಿಡ್ನಿ ತೊಂದರೆ ಇರುವವರು ತಿಂಗಳುಗಟ್ಟಲೆ ನುಂಗುವುದು ಅಪಾಯ. ನಿದ್ದೆ ಮಾತ್ರೆಗಳು, ಮಂಪರು ತರುವ ನೆಗಡಿ ಮಾತ್ರೆಗಳು ಹಿರಿಯರನ್ನು ಬೀಳಿಸುತ್ತವೆ, ಗೊಂದಲಕ್ಕೂ ಕೆಡವುತ್ತವೆ. ಇನ್ನೊಂದು ನಮ್ಮ ಕಡೆಯದೇ ಆದ ತಾಪತ್ರಯ: ಶ್ರಾವಣ ಸೋಮವಾರದ ಒಪ್ಪತ್ತು. ಗ್ಲಿಮೆಪಿರೈಡ್‌ನಂಥ ಸಕ್ಕರೆ ಮಾತ್ರೆಯನ್ನು ಬೆಳಿಗ್ಗೆ ನುಂಗಿ, ಊಟ ಬಿಟ್ಟು ಪೂಜೆಗೆ ಕುಳಿತರೆ ಸಕ್ಕರೆ ಕುಸಿಯುತ್ತದೆ. ಬೆವರು, ನಡುಕ, ತಲೆ ಸುತ್ತು ಬರುತ್ತದೆ. ಉಪವಾಸ ಬಿಡಿಸಲು ಹೋಗಿ ಜಗಳವಾಡುವ ಬದಲು, ಆ ದಿನ ಮಾತ್ರೆ ಹೇಗೆ ಎಂದು ಆಷಾಢದಲ್ಲೇ ಡಾಕ್ಟರನ್ನು ಕೇಳಿಟ್ಟುಕೊಳ್ಳಿ.

ನಾಲ್ಕನೆಯದು: ಹತ್ತಿರದ ಒಂದು ಬಾಗಿಲನ್ನು ಕಾಯಂ ಮಾಡಿಕೊಳ್ಳುವುದು

ಸಣ್ಣದಕ್ಕೂ ದೊಡ್ಡ ಆಸ್ಪತ್ರೆಗೆ ಓಡುವುದು ನಮ್ಮ ಚಟ. ಬಿಪಿ, ಸಕ್ಕರೆಯ ತಿಂಗಳ ತಪಾಸಣೆಗೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ಸರ್ಕಾರದ ‘ನಮ್ಮ ಕ್ಲಿನಿಕ್’ ಸಾಕು. ರಾಜ್ಯದ ನಮ್ಮ ಕ್ಲಿನಿಕ್‌ಗಳಿಗೆ 2022ರ ಡಿಸೆಂಬರ್ 14ರಂದು ಚಾಲನೆ ಸಿಕ್ಕಿದ್ದೇ ಹುಬ್ಬಳ್ಳಿಯ ಭೈರಿದೇವರಕೊಪ್ಪದಲ್ಲಿ. ಹಳ್ಳಿಯಲ್ಲಿ ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿ ಮತ್ತು ಆಶಾ ಕಾರ್ಯಕರ್ತೆಗೆ ನಿಮ್ಮ ಹಿರಿಯರ ಹೆಸರು ಬಾಯಿಪಾಠವಾಗುವಂತೆ ನೋಡಿಕೊಳ್ಳಿ. ಆಶಾ ಅಕ್ಕನವರು ಬಾಣಂತಿ, ಕೂಸುಗಳ ಕೆಲಸದಲ್ಲೇ ಹಣ್ಣಾಗಿರುತ್ತಾರೆ. ನೀವಾಗಿ ಹೇಳದಿದ್ದರೆ ಮೂಲೆ ಮನೆಯಲ್ಲಿ ಮಲಗಿರುವ ಅಜ್ಜ ಅವರಿಗೆ ನೆನಪಾಗುವುದು ಹೇಗೆ?

ಹಿರಿಯರ ಆರೋಗ್ಯಕ್ಕೆಂದೇ ಕೇಂದ್ರ ಸರ್ಕಾರದ ರಾಷ್ಟ್ರೀಯ ಕಾರ್ಯಕ್ರಮವೊಂದು 2010-11ರಿಂದ ಇದೆ. ಅದರ ಪ್ರಕಾರ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಾರಕ್ಕೊಮ್ಮೆ, ಸಮುದಾಯ ಆರೋಗ್ಯ ಕೇಂದ್ರದಲ್ಲಿ ವಾರಕ್ಕೆರಡು ಸಲ ಹಿರಿಯರ ಕ್ಲಿನಿಕ್, ಜಿಲ್ಲಾ ಆಸ್ಪತ್ರೆಯಲ್ಲಿ ಹಿರಿಯರಿಗೆ ಪ್ರತ್ಯೇಕ ಹೊರರೋಗಿ ವಿಭಾಗ, ಹತ್ತು ಹಾಸಿಗೆಯ ವಾರ್ಡ್, ಫಿಸಿಯೋಥೆರಪಿ ಇರಬೇಕು. ನಿಮ್ಮ ಕೇಂದ್ರದಲ್ಲಿ ಆ ದಿನ ಯಾವುದು ಎಂದು ವಿಚಾರಿಸಿ. ಫಲಕ ಕಾಣದಿದ್ದರೂ ಕೇಳಿ. ಕೇಳುವವರಿಲ್ಲದೆ ಹಾಗೇ ಉಳಿದ ಸೇವೆಗಳು ನಮ್ಮಲ್ಲಿ ಕಡಿಮೆಯಿಲ್ಲ.

ಅದರ ಮೇಲಿನ ಹಂತಕ್ಕೆ ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಎಲ್ಲರೂ ಕಿಮ್ಸ್ ಎಂದೇ ಕರೆಯುವ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ, ಗದಗಿನಲ್ಲಿ ಜಿಮ್ಸ್, ಹಾವೇರಿಯಲ್ಲಿ ಹಿಮ್ಸ್ ಇವೆ. ಮರೆವು, ಖಿನ್ನತೆ, ನರದ ತೊಂದರೆಗೆ ಧಾರವಾಡದ ಡಿಮ್ಹಾನ್ಸ್. ‘ಅದು ಹುಚ್ಚಾಸ್ಪತ್ರೆ’ ಎಂದು ಮೂಗು ಮುರಿಯುವವರು ಇನ್ನೂ ಇದ್ದಾರೆ. ಅಂಥವರ ಮಾತಿಗೆ ಕಿವಿಗೊಟ್ಟು ಎರಡು ವರ್ಷ ಕಳೆದುಕೊಂಡ ಕುಟುಂಬವೊಂದನ್ನು ನಾನು ಬಲ್ಲೆ. ಹೋಗಲು ಸಂಕೋಚವಾದರೆ 14416ಕ್ಕೆ ಕರೆ ಮಾಡಿ. ಅದು ಟೆಲಿ ಮಾನಸ್ ಸಹಾಯವಾಣಿ, ಕನ್ನಡದಲ್ಲಿಯೂ ಮಾತನಾಡಬಹುದು.

ಎರಡು ಮೂರು ದಿನದಲ್ಲಿ ದಿಢೀರನೆ ಗೊಂದಲ ಬಂದರೆ, ಮನೆಯವರ ಗುರುತು ಹತ್ತದಿದ್ದರೆ, ರಾತ್ರಿ ಏನೇನೋ ಕಂಡಂತೆ ಮಾತನಾಡಿದರೆ ಅದು ‘ಅರಳು ಮರಳು’ ಅಲ್ಲ, ಗಾಳಿ ಸೋಂಕೂ ಅಲ್ಲ. ಮೂತ್ರದ ಸೋಂಕು, ನ್ಯುಮೋನಿಯಾ, ರಕ್ತದಲ್ಲಿ ಸೋಡಿಯಂ ಇಳಿದದ್ದು, ಸಕ್ಕರೆ ಕುಸಿದದ್ದು, ಹೊಸ ಮಾತ್ರೆ, ಹೀಗೆ ಕಾರಣವಿರುತ್ತದೆ. ಅದೇ ದಿನ ಆಸ್ಪತ್ರೆಗೆ ಒಯ್ಯಿರಿ.

ಖರ್ಚಿನ ಮಾತು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇಕಡ 30ರಷ್ಟು, ವರ್ಷಕ್ಕೆ 1.5 ಲಕ್ಷದವರೆಗೆ. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು, ಅಲ್ಲಿ ಆಗದ ಚಿಕಿತ್ಸೆಗೆ ರೆಫರಲ್ ಪತ್ರ ಪಡೆದು ನೋಂದಾಯಿತ ಖಾಸಗಿ ಆಸ್ಪತ್ರೆಗೆ ಹೋಗಬಹುದು. ತುರ್ತು ಚಿಕಿತ್ಸೆಗಳಿಗೆ ಈ ಪತ್ರ ಬೇಕಿಲ್ಲ. ಆಸ್ಪತ್ರೆಯಲ್ಲಿ ಆರೋಗ್ಯ ಮಿತ್ರ ಎಂಬ ಸಿಬ್ಬಂದಿ ಕೂತಿರುತ್ತಾರೆ. ದಾಖಲಾಗುವ ಮುನ್ನವೇ ಅವರನ್ನು ಕಾಣಿ; ಬಿಲ್ ಕಟ್ಟಿ ಬಂದ ಮೇಲೆ ಅವರಿಂದ ಏನೂ ಆಗದು.

ಐದನೆಯದು: ಡಿಸ್‌ಚಾರ್ಜ್ ತಯಾರಿ, ದಾಖಲಾದ ದಿನದಿಂದಲೇ

ಎಳೆ ಕಡಿಯುವುದು ಇಲ್ಲಿಯೇ. ಆಸ್ಪತ್ರೆಯ ದೃಷ್ಟಿಯಲ್ಲಿ ಕೆಲಸ ಮುಗಿದಿರುತ್ತದೆ, ಮನೆಯವರ ಕೆಲಸ ಆಗಷ್ಟೇ ಹುಟ್ಟಿರುತ್ತದೆ. ಆದ್ದರಿಂದ ದಾಖಲಾದ ಎರಡನೆಯ ದಿನವೇ ಡಾಕ್ಟರನ್ನು ‘ಮನೆಗೆ ಹೋಗುವಾಗ ಇವರು ನಡೆಯುತ್ತಾರೆಯೇ, ಕೂರುತ್ತಾರೆಯೇ, ಮಲಗಿಯೇ ಇರುತ್ತಾರೆಯೇ?’ ಎಂದು ಕೇಳಿ. ಆ ಉತ್ತರದ ಮೇಲೆ ಮನೆಯ ತಯಾರಿ ನಿಂತಿದೆ. ಶನಿವಾರ ಸಂಜೆ ಕಳಿಸುತ್ತೇವೆ ಎಂದರೆ, ಸೋಮವಾರ ಬೆಳಿಗ್ಗೆ ಕಳಿಸಿ ಎಂದು ವಿನಂತಿಸಲು ಹಿಂಜರಿಯಬೇಡಿ. ಭಾನುವಾರ ಮಂಚ ಬಾಡಿಗೆಗೆ ಸಿಗುವುದಿಲ್ಲ, ಫಿಸಿಯೋಥೆರಪಿಯವರೂ ಸಿಗುವುದಿಲ್ಲ, ಏನಾದರೂ ಕೇಳೋಣವೆಂದರೆ ಬರೆದ ಡಾಕ್ಟರೂ ಇರುವುದಿಲ್ಲ.

ಹೊರಡುವ ಮುನ್ನ ನರ್ಸಿನ ಕೈಯಿಂದಲೇ ಕಲಿತುಕೊಳ್ಳಬೇಕಾದವು ಕೆಲವಿವೆ. ಮಗ್ಗುಲು ಬದಲಿಸುವುದು ಹೇಗೆ, ಹಾಸಿಗೆಯಿಂದ ಕುರ್ಚಿಗೆ ಎತ್ತುವುದು ಹೇಗೆ, ಮೂತ್ರದ ನಳಿಕೆ ಇದ್ದರೆ ಚೀಲ ಖಾಲಿ ಮಾಡುವುದು ಹೇಗೆ, ಗಾಯಕ್ಕೆ ಪಟ್ಟಿ ಕಟ್ಟುವುದು ಹೇಗೆ. ಒಮ್ಮೆ ನೋಡಿದರೆ ಸಾಲದು, ಅವರ ಎದುರು ನೀವೇ ಒಮ್ಮೆ ಮಾಡಿ ತೋರಿಸಿ. ಮಲಗಿಯೇ ಇರುವವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ರಾತ್ರಿಯೂ. ಹಿಮ್ಮಡಿ, ಸೊಂಟದ ಕೆಳಭಾಗ, ಚಪ್ಪೆ ಇವನ್ನು ದಿನಕ್ಕೊಮ್ಮೆ ಬೆಳಕಿನಲ್ಲಿ ನೋಡಬೇಕು. ಕೆಂಪಗಾದ ಚರ್ಮ ಒತ್ತಡ ತೆಗೆದರೂ ತಿಳಿಯಾಗದಿದ್ದರೆ ಹುಣ್ಣು ಶುರುವಾಗಿದೆ ಎಂದೇ ಲೆಕ್ಕ. ನಮಗೆ ಇದನ್ನು ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಆ ಹುಣ್ಣು ಮಾಯಲು ನಾಲ್ಕು ತಿಂಗಳು ಹಿಡಿಯಿತು.

ಚೀಟಿಯಲ್ಲಿ ಇವು ಇವೆಯೇ ನೋಡಿ: ಹೊಸ ಮಾತ್ರೆ ಯಾವುದು, ನಿಲ್ಲಿಸಿದ್ದು ಯಾವುದು, ಎಷ್ಟು ದಿನ, ಮುಂದಿನ ಭೇಟಿ ಯಾವಾಗ, ಯಾವ ಲಕ್ಷಣ ಕಂಡರೆ ಕೂಡಲೇ ಬರಬೇಕು, ಯಾವ ನಂಬರಿಗೆ ಫೋನ್ ಮಾಡಬೇಕು. ಅಕ್ಷರ ತಿಳಿಯದಿದ್ದರೆ ಓದಿಸಿಕೊಂಡು ಕನ್ನಡದಲ್ಲಿ ನೋಟ್‌ಬುಕ್ಕಿಗೆ ಇಳಿಸಿ. ಆಮೇಲೆ ಚೀಟಿಯ ಒಂದು ಜೆರಾಕ್ಸ್ ಪ್ರತಿಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಮುಟ್ಟಿಸಿ. ಎರಡು ರೂಪಾಯಿಯ ಆ ಜೆರಾಕ್ಸ್ ಇಲ್ಲದಿದ್ದರೆ ದೊಡ್ಡ ಆಸ್ಪತ್ರೆಯಲ್ಲಿ ಆದದ್ದು ಊರಿನ ಡಾಕ್ಟರಿಗೆ ತಿಳಿಯುವ ಮಾರ್ಗವೇ ಇಲ್ಲ.

ಆರನೆಯದು: ಪಿಂಚಣಿ, ಕಾರ್ಡು, ಊರುಗೋಲು

ಸಂಧ್ಯಾ ಸುರಕ್ಷಾ 65 ವರ್ಷ ದಾಟಿದ ಸಣ್ಣ ರೈತರು, ಕೂಲಿಕಾರರು, ನೇಕಾರರು ಮೊದಲಾದವರಿಗೆ ತಿಂಗಳಿಗೆ 1,200 ರೂಪಾಯಿ ಕೊಡುತ್ತದೆ. ಇಂದಿರಾ ಗಾಂಧಿ ವೃದ್ಧಾಪ್ಯ ವೇತನ ಬಡತನ ರೇಖೆಯ ಕೆಳಗಿನವರಿಗೆ 60ರಿಂದಲೇ ಸಿಗುತ್ತದೆ: 64ರವರೆಗೆ 800, ನಂತರ 1,200. ಎರಡನ್ನೂ ಒಟ್ಟಿಗೆ ಪಡೆಯುವಂತಿಲ್ಲ. ಅರ್ಜಿ ನಾಡಕಚೇರಿಯಲ್ಲಿ. ಗ್ರಾಮ ಆಡಳಿತಾಧಿಕಾರಿ, ಹಳಬರ ಬಾಯಲ್ಲಿ ಇನ್ನೂ ತಲಾಠಿಯವರು, ಪರಿಶೀಲಿಸಿ ವರದಿ ಕೊಡುತ್ತಾರೆ. ಹಿರಿಯರನ್ನು ಚಿಕಿತ್ಸೆಗೆಂದು ಪಟ್ಟಣಕ್ಕೆ ಕರೆತರುವುದಾದರೆ, ‘ಚಿಕಿತ್ಸೆಗಾಗಿ ಇಂತಲ್ಲಿ ಇದ್ದಾರೆ’ ಎಂದು ನಾಡಕಚೇರಿಗೆ ಒಂದು ಅರ್ಜಿ ಬರೆದು, ಡಿಸ್‌ಚಾರ್ಜ್ ಚೀಟಿಯ ಪ್ರತಿ ಲಗತ್ತಿಸಿ, ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ. ಆಸ್ಪತ್ರೆಯ ಕಾಗದವನ್ನು ಕಂದಾಯದ ಕಡತಕ್ಕೆ ಸೇರಿಸುವುದು ಎಂದರೆ ಇದೇ. ನಾವು ಮಾಡದೆ ಹೋದದ್ದರಿಂದ ಐದು ತಿಂಗಳ ಪಿಂಚಣಿಗಾಗಿ ಅಲೆದೆವು.

ಬ್ಯಾಂಕ್ ಕಡೆಯೂ ಒಂದು ಕಣ್ಣಿರಲಿ. ಧಾರವಾಡದಲ್ಲಿ ಕೇಂದ್ರ ಕಚೇರಿ ಇದ್ದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕು 2025ರ ಮೇ 1ರಿಂದ ಕರ್ನಾಟಕ ಗ್ರಾಮೀಣ ಬ್ಯಾಂಕಿನಲ್ಲಿ ವಿಲೀನವಾಗಿದೆ. ಹಳೆಯ ಪಾಸ್‌ಬುಕ್ ಇರುವವರು ಖಾತೆಗೆ ಆಧಾರ್ ಜೋಡಣೆ ಸರಿಯಾಗಿದೆಯೇ ಎಂದು ಶಾಖೆಯಲ್ಲಿ ಒಮ್ಮೆ ಖಚಿತಪಡಿಸಿಕೊಳ್ಳುವುದು ಒಳ್ಳೆಯದು. ದುಡಿದು ಸವೆದ ಬೆರಳಿಗೆ ಯಂತ್ರ ಓಗೊಡದಿದ್ದರೆ ಕಣ್ಣಿನ ಪಾಪೆಯ ಗುರುತು ಬಳಸಲು ಕೇಳಿ.

ಹೆಚ್ಚಿನವರಿಗೆ ಗೊತ್ತಿಲ್ಲದ ಒಬ್ಬ ವ್ಯಕ್ತಿ ಪ್ರತಿ ಗ್ರಾಮ ಪಂಚಾಯಿತಿಯ ಸುತ್ತ ಇರುತ್ತಾರೆ: ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ತಾಲ್ಲೂಕಿಗೆ ಬಹುವಿಧ ಪುನರ್ವಸತಿ ಕಾರ್ಯಕರ್ತರು, ಪಟ್ಟಣಕ್ಕೆ ನಗರ ಪುನರ್ವಸತಿ ಕಾರ್ಯಕರ್ತರು. ಹೆಚ್ಚಿನಂಶ ಇವರೂ ಅಂಗವಿಕಲರೇ ಆಗಿರುವುದರಿಂದ ಕಚೇರಿಯ ಯಾವ ಮೆಟ್ಟಿಲು ಎಷ್ಟು ಎತ್ತರ ಎಂಬುದು ಇವರಿಗೆ ಗೊತ್ತು. ಲಕ್ವ ಹೊಡೆದವರು, ಕಣ್ಣು ಕಿವಿ ಹೋದವರು, ಪಾರ್ಕಿನ್ಸನ್ ಇರುವವರು ವಯಸ್ಸಾದವರೆಂಬ ಕಾರಣಕ್ಕೆ ಅಂಗವಿಕಲರ ಪಟ್ಟಿಯಿಂದ ಹೊರಗುಳಿಯಬೇಕಿಲ್ಲ. 2016ರ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ, ಪಾರ್ಕಿನ್ಸನ್ ಕೂಡ ಅದರಲ್ಲಿದೆ. ಶೇಕಡ 40 ಮತ್ತು ಮೇಲ್ಪಟ್ಟು ಇದ್ದರೆ ಯುಡಿಐಡಿ ಕಾರ್ಡಿನ (ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ) ಆಧಾರದ ಮೇಲೆ ಸೌಲಭ್ಯಗಳು ಸಿಗುತ್ತವೆ. ಬಡ ಹಿರಿಯರಿಗೆ ಊರುಗೋಲು, ವಾಕರ್, ಗಾಲಿಕುರ್ಚಿ, ಶ್ರವಣ ಸಾಧನ ಕೊಡುವ ಕೇಂದ್ರದ ವಯೋಶ್ರೀ ಯೋಜನೆ 2017ರಿಂದ ಇದೆ. ಅದರ ಶಿಬಿರ ಯಾವಾಗ ಎಂಬ ಸುದ್ದಿಯೂ ಇವರ ಬಳಿ ಮೊದಲು ಬರುತ್ತದೆ. ಹಿರಿಯ ನಾಗರಿಕರ ಗುರುತಿನ ಚೀಟಿಗೆ ಸೇವಾಸಿಂಧುವಿನಲ್ಲಿ ಅರ್ಜಿ ಹಾಕಬಹುದು. ಸಾಮಾನ್ಯ ಬಸ್ಸಿನಲ್ಲಿ ಮಹಿಳೆಯರಿಗೆ ಶಕ್ತಿ ಯೋಜನೆಯಿಂದ ಟಿಕೆಟ್ ಇಲ್ಲ, 60 ದಾಟಿದ ಗಂಡಸರಿಗೆ ದರದಲ್ಲಿ ಶೇಕಡ 25 ರಿಯಾಯಿತಿ ಇದೆ.

ಮಂಡಿ ನೋವಿನವರನ್ನು ಧಾರವಾಡದಿಂದ ಕಿಮ್ಸ್‌ಗೆ ಕರೆತರುವವರಿಗೆ ಒಂದು ಸಲಹೆ: ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ಸಿಗೆ ನಿಲ್ದಾಣದ ಕಟ್ಟೆಯೂ ಬಸ್ಸಿನ ನೆಲವೂ ಒಂದೇ ಮಟ್ಟದಲ್ಲಿರುವುದರಿಂದ ಕಾಲೆತ್ತಿ ಹತ್ತುವ ಕಷ್ಟವಿಲ್ಲ.

ಏಳನೆಯದು: ಮನೆ, ಊಟ, ಜೊತೆ

ಬಚ್ಚಲಿಗೂ ಶೌಚಾಲಯಕ್ಕೂ ಹಿಡಿಕೆ ಹಾಕಿಸಿ. ರಾತ್ರಿ ದಾರಿಯಲ್ಲಿ ಸಣ್ಣ ದೀಪ ಇರಲಿ. ನುಣುಪು ಕಡಪಾ ಕಲ್ಲಿನ ಮೇಲೆ ನೀರು ನಿಲ್ಲದಿರಲಿ. ಅವ್ವನ ಹೊಸ್ತಿಲನ್ನು ಗೌಂಡಿ ಅರ್ಧ ದಿನದಲ್ಲಿ ಕಡಿದು ಸಪಾಟು ಮಾಡಿದ. ಹತ್ತು ವರ್ಷದಿಂದ ಎಲ್ಲರೂ ಅದನ್ನು ಎಡವುತ್ತಲೇ ಇದ್ದೆವು.

ಹಲ್ಲು ಹೋದವರಿಗೆ ಕಟಕ ರೊಟ್ಟಿ ಆಗದು ಎಂದು ಬರೀ ಗಂಜಿ, ಚಹಾ ಕೊಡುವ ಮನೆಗಳುಂಟು. ಮೈಯಲ್ಲಿ ಮಾಂಸ ಉಳಿಯುವುದು ಬೇಳೆ, ಹಾಲು, ಮೊಸರು, ಮೊಟ್ಟೆಯಿಂದ. ಬಿಸಿ ಜೋಳದ ರೊಟ್ಟಿಯನ್ನು ಮುರಿದು ಬೇಳೆ ಸಾರಿನಲ್ಲಿ ನೆನೆಸಿ, ನುಚ್ಚಿಗೆ ಗಟ್ಟಿ ಮೊಸರು ಕಲಸಿ, ಝುಣಕವನ್ನು ಮೆತ್ತಗೆ ಮಾಡಿ ಕೊಡಬಹುದು. ಕಿಡ್ನಿ ತೊಂದರೆ ಇರುವವರು ಮಾತ್ರ ಡಾಕ್ಟರನ್ನು ಕೇಳಬೇಕು.

ಜೊತೆಯ ಮಾತು ಬಂದಾಗ ನಾವು ಪಟ್ಟಣದವರು ಸೋಲುತ್ತೇವೆ. ಹಳ್ಳಿಯಲ್ಲಿ ಅವ್ವನಿಗೆ ಕಟ್ಟೆ ಇತ್ತು, ದಾರಿಯಲ್ಲಿ ಹೋಗುವ ಪ್ರತಿಯೊಬ್ಬರೂ ‘ಆರಾಮೇನು?’ ಎಂದು ಕೇಳುತ್ತಿದ್ದರು. ನನ್ನ ಎರಡನೆಯ ಮಹಡಿಯಲ್ಲಿ ಆಕೆಗೆ ಟಿವಿ ಇತ್ತು. ಮೂರು ತಿಂಗಳಾದ ಮೇಲೆ ಆಕೆ ಊಟ ಬಿಡತೊಡಗಿದ್ದು ಖಾಯಿಲೆಯಿಂದಲ್ಲ ಎಂದು ಅಕ್ಕನಿಗೆ ಹೊಳೆಯಿತು. ವಾರಕ್ಕೊಮ್ಮೆ ಸಿದ್ಧಾರೂಢ ಮಠಕ್ಕೆ ಆಟೊದಲ್ಲಿ ಕರೆದೊಯ್ದು ಪ್ರಾಂಗಣದಲ್ಲಿ ಒಂದು ತಾಸು ಕೂರಿಸಿದೆವು. ಅದನ್ನೂ ನೋಟ್‌ಬುಕ್ಕಿನಲ್ಲಿ ಮಾತ್ರೆಯ ಸಾಲಿನಲ್ಲೇ ಬರೆದೆವು, ಇಲ್ಲದಿದ್ದರೆ ತಪ್ಪಿಹೋಗುತ್ತಿತ್ತು.

ನೋಡಿಕೊಳ್ಳುವವರ ಮೈಯೂ ಮೈಯೇ. ಬಹಳ ಕಡೆ ಅದು ಸೊಸೆ, ಹೇಳದೆ ಕೇಳದೆ ಆಕೆಯ ಪಾಲಿಗೆ ಬಂದದ್ದು. ತಿಂಗಳಿಗೆ ನಾಲ್ಕು ದಿನ ಬೇರೆಯವರು ಬಂದು ಕೂರುವ ಪಾಳಿಯನ್ನು ಬರೆದು ಗೋಡೆಗೆ ಅಂಟಿಸಿ. ಫೋನಿನಲ್ಲಿ ಕಾಳಜಿ ತೋರುವ ಅಣ್ಣತಮ್ಮಂದಿರ ಹೆಸರು ಅದರಲ್ಲಿ ಮೊದಲು ಬರಲಿ.

ಎಂಟನೆಯದು: ಮನೆಯೇ ತೊಂದರೆಯಾದಾಗ

ಹೊಲ ಬರೆಸಿಕೊಂಡು ಅನ್ನ ಹಾಕದ ಮಕ್ಕಳಿದ್ದಾರೆ. 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆಯಡಿ ಉಪವಿಭಾಗಾಧಿಕಾರಿ, ಅಂದರೆ ಎ.ಸಿ. ಸಾಹೇಬರು, ನಡೆಸುವ ನ್ಯಾಯಮಂಡಳಿಗೆ ಅರ್ಜಿ ಕೊಡಬಹುದು. ಧಾರವಾಡ, ಗದಗ, ಹಾವೇರಿ, ಸವಣೂರಿನಲ್ಲಿ ಈ ಕಚೇರಿಗಳಿವೆ. ಮಕ್ಕಳಿಂದ ತಿಂಗಳಿಗೆ 10,000 ರೂಪಾಯಿವರೆಗೆ ಪೋಷಣಾ ವೆಚ್ಚ ಕೊಡಿಸುವ ಅಧಿಕಾರ ಕಾಯ್ದೆಯಲ್ಲಿದೆ. ನೋಟಿಸ್ ಜಾರಿಯಾದ 90 ದಿನಗಳಲ್ಲಿ ತೀರ್ಮಾನವಾಗಬೇಕು. ಅದರ 23ನೇ ಕಲಮಿನ ಪ್ರಕಾರ, ನೋಡಿಕೊಳ್ಳುತ್ತೇನೆಂಬ ಷರತ್ತಿನ ಮೇಲೆ ಬರೆಸಿಕೊಂಡ ಆಸ್ತಿಯನ್ನು, ನೋಡಿಕೊಳ್ಳದಿದ್ದರೆ ರದ್ದು ಮಾಡಿಸಬಹುದು. ಆದ್ದರಿಂದ ಬಕ್ಷೀಸ್ ಪತ್ರ (ದಾನಪತ್ರ) ಮಾಡುವ ಹಿರಿಯರೇ, ಆ ಷರತ್ತನ್ನು ಪತ್ರದಲ್ಲೇ ಸ್ಪಷ್ಟವಾಗಿ ಬರೆಸಿ. ಬಾಯಿಮಾತಿನ ಭರವಸೆ ಸಬ್ ರಿಜಿಸ್ಟ್ರಾರ್ ಕಚೇರಿಯ ಪುಸ್ತಕದಲ್ಲಿ ದಾಖಲಾಗುವುದಿಲ್ಲ.

ಅರ್ಜಿಗೆ ಮೊದಲು ಮಾತನಾಡಲು ಯಾರಾದರೂ ಬೇಕೆಂದರೆ ಹಿರಿಯರ ಸಹಾಯವಾಣಿ 14567, ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ. ಉಚಿತ ಕಾನೂನು ನೆರವಿಗೆ 15100. ಹಲ್ಲೆ ನಡೆದಿದ್ದರೆ ಕಾಯಬೇಡಿ, 112ಕ್ಕೆ ಕರೆ ಮಾಡಿ.

ಕೊನೆಯದು: ತಿಂಗಳಿಗೊಮ್ಮೆ ಪುಟ ತಿರುಗಿಸುವುದು

ನಾವು ಅಮಾವಾಸ್ಯೆಯ ಮರುದಿನ ಮಾಡುತ್ತೇವೆ, ದಿನ ನೆನಪಿಡಲು ಸುಲಭ. ಕುರ್ಚಿಯಿಂದ ಐದು ಸಲ ಏಳಿಸುವುದು, ತೂಕ, ಮಾತ್ರೆಯ ಎಣಿಕೆ, ಪಾಸ್‌ಬುಕ್ಕಿನ ನಮೂದು, ಮುಂದಿನ ತಿಂಗಳ ಪಾಳಿ. ಇಪ್ಪತ್ತು ನಿಮಿಷದ ಕೆಲಸ. ಅವ್ವನನ್ನು ಎದುರಿಗೆ ಕೂರಿಸಿಕೊಂಡೇ ಮಾಡುತ್ತೇವೆ, ಆಕೆಗೆ ಏನು ಬೇಕೆಂದು ಕೊನೆಯಲ್ಲಿ ಕೇಳಿ ಬರೆದುಕೊಳ್ಳುತ್ತೇವೆ. ಮೊದಲ ಸಲ ಕೇಳಿದಾಗ ‘ನನ್ನನ್ನೇನು ಕೇಳುತ್ತೀರಿ?’ ಎಂದಿದ್ದಳು. ಈಗ ಆಕೆಯದೇ ಉದ್ದನೆಯ ಪಟ್ಟಿ ಇರುತ್ತದೆ.

ಈ ತಿಂಗಳದ್ದು ಹೀಗಿದೆ: ಏಳಲು 16 ಸೆಕೆಂಡ್. ತೂಕ ಒಂದು ಕಿಲೋ ಏರಿದೆ. ವಾಕರಿನ ರಬ್ಬರ್ ಸವೆದಿದೆ, ಗುರುವಾರ ಬದಲಿಸಬೇಕು. ದಸರೆಗೆ ಊರಿಗೆ ಹೋಗಬೇಕಂತೆ. ಹೊರಡುವ ಮುನ್ನ ಊರಿನ ಆಶಾ ಅಕ್ಕನವರಿಗೆ ಫೋನ್ ಮಾಡುವುದು.